ಹತ್ತು ಒಂದುಗಳು ಕೊನೆಗೂ ಹತ್ತಾದವು

ಮಕ್ಕಳಿಗೆ ನಾಣ್ಯದ ಬೆಲೆ ಕಲಿಸಲು ಮಾಡುತ್ತಿದ್ದ ಮರದ ಪಟ್ಟಿಗಳು ಅಂತೂ ಸರಿಯಾಗಿ ಕೂತವು! ಮರ ಉಜ್ಜಿದ್ದು, ಬಣ್ಣ ಹಚ್ಚಿದ್ದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ನನ್ನನ್ನು ಸತಾಯಿಸಿದ್ದು ಬೆರಳು ತೂರುವಷ್ಟು ಒಂದು ಸಂದು.

ಪಟ್ಟಿ ಯಾಕೆ ಬೇಕು ಅಂದರೆ, ಎಣಿಕೆ ಈಗಷ್ಟೇ ಕಲಿತ ಮಗುವಿಗೆ 5ರ ನಾಣ್ಯವೂ ಒಂದೇ, 1ರ ನಾಣ್ಯವೂ ಒಂದೇ. ಸೇರಿಸಿದರೆ ಎರಡು. ಗಾತ್ರ ನೋಡಿ ಬೆಲೆ ಹೇಳು ಅನ್ನೋಣವೆಂದರೆ ಅದನ್ನೂ ನಂಬುವ ಹಾಗಿಲ್ಲ. ಅಮೆರಿಕದ 10 ಸೆಂಟಿನ ನಾಣ್ಯ 5 ಸೆಂಟಿನದಕ್ಕಿಂತ ಚಿಕ್ಕದು. ಅದಕ್ಕೇ ಪ್ರತಿ ನಾಣ್ಯವನ್ನೂ ಅದರ ಬೆಲೆಯಷ್ಟು ಉದ್ದದ ಪಟ್ಟಿಗೆ ಅಂಟಿಸುವ ಯೋಚನೆ. 1ಕ್ಕೆ 25 ಮಿ.ಮೀ., 10ಕ್ಕೆ 250.

ಮರ ಕತ್ತರಿಸಿ ಕೊಟ್ಟವರು ಗರಗಸ ತಿನ್ನುವ ಜಾಗವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 1ರ ತುಂಡುಗಳೆಲ್ಲ 24ಕ್ಕೆ ಇಳಿದಿದ್ದವು. ಹತ್ತು ಜೋಡಿಸಿದರೆ 240. 10ರ ಪಟ್ಟಿಗೆ ಒಂದೇ ಕೊಯ್ತ, ಅದು 249. "ಒಂದು ಮಿಲಿಮೀಟರ್ ತಾನೇ" ಅಂದರು. ಸಿಟ್ಟು ಬಂತು. ಇಲ್ಲಿ ಅದು ಒಂಬತ್ತಾಗುತ್ತದೆ, ಅಲ್ವಾ?

ಪಟ್ಟಿಯ ಕೆಳಗೆ ತುಂಡುಗಳನ್ನು ಸಾಲಾಗಿ ತಳ್ಳಿದ ಮಗು, ಕೊನೆಯ ಸಂದಿಗೆ ಬೆರಳು ತೂರಿಸಿ "ಇದೇ ದೊಡ್ಡದು, ಇನ್ನೊಂದು ಬೇಕು" ಅಂದಿತು. ಅದು ನೋಡಿದ್ದು ಸರಿಯೇ. ಎರಡು ಸಾಲಿನಲ್ಲಿ ಅಷ್ಟಷ್ಟೇ ಬಿಲ್ಲೆ ಇದ್ದರೂ ಹರಡಿಟ್ಟ ಸಾಲಿನಲ್ಲೇ ಜಾಸ್ತಿ ಇದೆ ಅನ್ನುವ ವಯಸ್ಸು ಅದು. ಮಕ್ಕಳ ಯೋಚನೆಯ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿದ್ದೂ ಇದನ್ನೇ. ಈ ವಯಸ್ಸಿನವರ ಮುಂದೆ ಉದ್ದ ಸುಳ್ಳು ಹೇಳಬಾರದು.

ಅಂಚಿಗೆ ರಟ್ಟು ಅಂಟಿಸಿದೆ, ಕಿತ್ತು ಬಂತು. ಕೊನೆಗೆ ಅಂಚಿನ ಗೊಡವೆಯನ್ನೇ ಬಿಟ್ಟೆ. ಈಗ ಹಲಗೆಯಲ್ಲಿ 25 ಮಿ.ಮೀ.ಗೊಂದು ಮರದ ಗೂಟ. ಪಟ್ಟಿಯಲ್ಲಿ ಅದೇ ಅಂತರಕ್ಕೆ ತೂತು: 1ರದ್ದಕ್ಕೆ ಒಂದು, 5ರದ್ದಕ್ಕೆ ಐದು. ನಾಣ್ಯ ತೂತಿನ ಸಾಲಿನ ಪಕ್ಕಕ್ಕೆ ಸರಿಯಿತು. ಒಂದೇ ಜಿಗ್ (ತೂತುಗಳೆಲ್ಲ ಒಂದೇ ಅಂತರಕ್ಕೆ ಬೀಳುವಂತೆ ಹಿಡಿಯುವ ಅಚ್ಚು) ಇಟ್ಟು ಎಲ್ಲ ಕೊರೆದಿದ್ದರಿಂದ, ಅಂಚು ಹೇಗೇ ಇರಲಿ, ಹತ್ತನೇ ತುಂಡು ಹತ್ತನೇ ಗೂಟಕ್ಕೇ ಕೂರುತ್ತದೆ. ತೂತು ಮಾತ್ರ ಗೂಟಕ್ಕಿಂತ ಅರ್ಧ ಮಿ.ಮೀ. ದೊಡ್ಡದಿರಲಿ, ಬಿಗಿಯಾದರೆ ಪುಟ್ಟ ಕೈಗೆ ಬಿಡಿಸಲು ಆಗುವುದಿಲ್ಲ.

ಇನ್ನೊಂದು ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ. 10, 5, 1, 1 ಇಟ್ಟರೆ ಮಕ್ಕಳು "ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು" ಅಂತ ಐದೈದರಲ್ಲೇ ಓಡುತ್ತಾರೆ. ಗೂಟಕ್ಕೆ ಅಂಕಿ ಬರೆದ ಮೇಲೆ 15 ಆದೊಡನೆ ತಾವೇ ನಿಂತು, 16, 17 ಅನ್ನುತ್ತಾರೆ. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಇದೇ ಹಲಗೆಯಲ್ಲಿ ಚಿಲ್ಲರೆ ಕೊಡುವುದನ್ನೂ ಕಲಿಸಬಹುದಲ್ಲ! ಬೆಲೆ 13, ಕೊಟ್ಟಿದ್ದು 20. ಕಳೆಯುವ ಗೋಜೇ ಇಲ್ಲ. 13ರ ಮುಂದೆ 2ರ ಪಟ್ಟಿ, ಆಮೇಲೆ 5ರದ್ದು, 20 ಮುಟ್ಟಿತು. ಅದಕ್ಕೆ 2ರ ಪಟ್ಟಿಗಳು ಇನ್ನೂ ಬೇಕು. ಈ ಸಲ ಉದ್ದ ಮರಕ್ಕೆ ಮೊದಲೇ ತೂತು ಕೊರೆದಿಟ್ಟು, ಆಮೇಲೆ ಕೊಯ್ಯಲು ಕೊಡುತ್ತೇನೆ.