ಸರಾಸರಿ ಮೂರು ಅಂದರೆ ಏನು?

ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗದಲ್ಲಿ ನನ್ನ ಕೆಲಸ. ಸಿಬ್ಬಂದಿ ಸಮೀಕ್ಷೆ ಮೊದಲ ಸಲ ಕೈಗೆ ಬಂದಾಗ ಚೆಂದದ ವರದಿ ಮಾಡಿದೆ. ಬಣ್ಣದ ಚಾರ್ಟು, ವಿಭಾಗವಾರು ಅಂಕಿ, ಎಲ್ಲಾ ಇತ್ತು. ಕುಲಸಚಿವರು ಹೊಗಳಿದರು. ವರದಿ ಬೀರು ಸೇರಿತು.

ಮುಂದಿನ ಸಲ ಫಾರ್ಮ್ ಹಂಚುವಾಗ ಲ್ಯಾಬ್ ಸಹಾಯಕರೊಬ್ಬರು ನೇರವಾಗಿ ಕೇಳಿದರು, "ಹೋದ ಸಲ ಬರೆದಿದ್ದು ಏನಾಯ್ತು ಸಾರ್?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಸಲ ಫಾರ್ಮ್ ತುಂಬಿದವರೂ ಕಡಿಮೆ.

ಹಳೆಯ ಅಂಕಿಗಳನ್ನೇ ಮತ್ತೆ ತೆಗೆದು ಕೂತೆ. ನಾವು ಬಳಸುವುದು 1ರಿಂದ 5ರವರೆಗಿನ ಲೈಕರ್ಟ್ ಅಳತೆ: ಒಂದು ಹೇಳಿಕೆಗೆ 1 ಹಾಕಿದರೆ ಸ್ವಲ್ಪವೂ ಒಪ್ಪಲ್ಲ, 5 ಹಾಕಿದರೆ ಪೂರ್ತಿ ಒಪ್ಪುತ್ತೇನೆ ಅಂತ. ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ವಿಧಾನ, ಇವತ್ತಿಗೂ ಎಲ್ಲಾ ಕಡೆ ಓಡುತ್ತಿದೆ. ನಾನು ಅದರ ಸರಾಸರಿ ಮಾತ್ರ ನೋಡಿದ್ದೆ. ಹತ್ತು ಜನರಲ್ಲಿ ಐವರು 1, ಐವರು 5 ಕೊಟ್ಟರೂ ಸರಾಸರಿ 3. ಹತ್ತೂ ಜನ 3 ಕೊಟ್ಟರೂ 3. ಎರಡೂ ಒಂದೇನಾ? 'ಕೆಲಸಕ್ಕೆ ಬೇಕಾದ ಮಾಹಿತಿ ಸಮಯಕ್ಕೆ ಸಿಗುತ್ತದೆ' ಅನ್ನುವ ಸಾಲಿಗೆ ಬೋಧಕರು 4, 5 ಹಾಕಿದ್ದರು. ಬೋಧಕೇತರ ಸಿಬ್ಬಂದಿ 1, 2. ನಾನು ಇಬ್ಬರನ್ನೂ ಕಲಸಿ 'ಪರವಾಗಿಲ್ಲ' ಅಂತ ಬರೆದಿದ್ದೆ!

ಹಾಗಂತ ಜಾಸ್ತಿ ಬಿಡಿಸಿ ತೋರಿಸುವುದೂ ಅಪಾಯ. ಮೂರೇ ಜನರಿರುವ ಕಡೆ ಅಂಕಿ ಪ್ರತ್ಯೇಕವಾಗಿ ಕೊಟ್ಟರೆ ಯಾರು ಏನು ಹಾಕಿದರು ಅಂತ ಮುಖ್ಯಸ್ಥರು ಊಹಿಸಿಬಿಡುತ್ತಾರೆ. ಈಗ ಹತ್ತಕ್ಕಿಂತ ಕಡಿಮೆ ಉತ್ತರ ಬಂದರೆ ದೊಡ್ಡ ಗುಂಪಿಗೆ ಸೇರಿಸುತ್ತೇವೆ. ಬರಹದ ಅನಿಸಿಕೆಗಳಲ್ಲಿ ಇನ್ನೂ ಹುಷಾರಾಗಿರಬೇಕು. ಒಮ್ಮೆ 'ಜನರೇಟರ್ ರೂಮಿನ ಕೀ ಸದಾ ನನ್ನ ಹತ್ತಿರವೇ' ಅನ್ನುವ ಸಾಲನ್ನು ಹಾಗೇ ವರದಿಗೆ ಹಾಕಿದ್ದೆ. ಹೆಸರಿಲ್ಲ, ನಿಜ. ಆದರೆ ಕೀ ಇರುವುದು ಒಬ್ಬರ ಹತ್ತಿರ ಮಾತ್ರ ಅಲ್ವಾ? ಅವರ ಕ್ಷಮೆ ಕೇಳಿದೆ.

ಆಮೇಲೆ ಬೋಧಕೇತರ ಸಿಬ್ಬಂದಿಯನ್ನು ನಾಲ್ಕೈದು ಜನರಂತೆ, ಮೇಲಧಿಕಾರಿಗಳಿಲ್ಲದೆ ಕೂರಿಸಿ ಮಾತಾಡಿಸಿದೆ. ಮೊದಲ ಅರ್ಧ ಗಂಟೆ ಬರೀ 'ಎಲ್ಲಾ ಚೆನ್ನಾಗಿದೆ ಸಾರ್'. ಟೀ ಬಂದ ಮೇಲೆ ಒಬ್ಬರು ಬಾಯಿಬಿಟ್ಟರು. ಪರೀಕ್ಷೆಯ ವೇಳಾಪಟ್ಟಿ ಬದಲಾದರೆ ಸುತ್ತೋಲೆ ಇಮೇಲ್‌ನಲ್ಲಿ ಹೋಗುತ್ತದೆ. ಕೊಠಡಿ ತೆರೆದು ಬೆಂಚು ಜೋಡಿಸುವವರಿಗೆ ಕಚೇರಿಯ ಇಮೇಲೇ ಇಲ್ಲ. ಬದಲಾವಣೆ ಅವರಿಗೆ ಗೊತ್ತಾಗುವುದು ವಿದ್ಯಾರ್ಥಿಗಳಿಂದ! ಸುತ್ತೋಲೆಯ ಪ್ರತಿ ಅವರ ಕೋಣೆಯ ಬೋರ್ಡಿಗೂ ಹೋಗಬೇಕು, ಮೊಬೈಲಿಗೊಂದು ಮೆಸೇಜೂ ಹೋಗಬೇಕು ಅಂತ ಮಾಡಿದೆವು. ಇದಕ್ಕೆ ಸಮಿತಿ ಬೇಕಿರಲಿಲ್ಲ, ಬಜೆಟ್ಟೂ ಬೇಕಿರಲಿಲ್ಲ.

ಬಡ್ತಿ, ಸಂಬಳದ ದೂರುಗಳೂ ಬಂದಿದ್ದವು. ಅವು ನಮ್ಮ ಕೈಲಿರಲಿಲ್ಲ. 'ಪರಿಶೀಲನೆಯಲ್ಲಿದೆ' ಅಂತ ಬರೆಯಲು ಹೇಳಿದವರಿದ್ದರು. ನಾನು ಒಪ್ಪಲಿಲ್ಲ. ಒಂದೇ ಹಾಳೆಯಲ್ಲಿ ನೀವು ಹೇಳಿದ್ದು, ನಾವು ಮಾಡಿದ್ದು, ಮಾಡಲಾಗದ್ದು ಮತ್ತು ಯಾಕೆ ಆಗದು ಅಂತ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿದೆವು.

ಅದೇ ಲ್ಯಾಬ್ ಸಹಾಯಕರು ಹಾಳೆಯ ಮುಂದೆ ನಿಂತು ಪೂರ್ತಿ ಓದಿದರು. "ಮಾಡಿದ್ದು ಅಂತ ಬರೆದಿರೋದರಲ್ಲಿ ಮೂರನೇದು ಇನ್ನೂ ಆಗಿಲ್ಲ ಸಾರ್" ಅಂದರು. ಪೆನ್ನು ತೆಗೆದು ಆ ಸಾಲು ತಿದ್ದಿದೆ.