ಮುಟ್ಟದ ಬೆಲ್ಲ

ಮಂಗಳವಾರದಿಂದ ಅಮ್ಮ ಒಂದೇ ಮಾತು ಹೇಳುತ್ತಿದ್ದಾರೆ: "ಆ ಹುಡುಗಿ ಬೆಲ್ಲ ಮುಟ್ಟಲಿಲ್ಲ."

ಹುಡುಗಿ ಎಂದರೆ ನಮ್ಮ ವಿಲೇಜ್ ಆಫೀಸರ್, ಊರಿನ ಕಂದಾಯ ಅಧಿಕಾರಿ. ಕೇರಳದ ತೆಂಕಣ ತುದಿಯ ಜಿಲ್ಲೆಯೊಂದರಿಂದ ವರ್ಗವಾಗಿ ಮಂಜೇಶ್ವರ ತಾಲೂಕಿಗೆ ಬಂದವರು, ಮೂವತ್ತು ದಾಟಿರಲಾರದು. ಅಪ್ಪನ ಹೆಸರಿನಲ್ಲಿದ್ದ ತೋಟವನ್ನು ಅಮ್ಮನ ಹೆಸರಿಗೆ ಮಾಡಿಸುವ ಪೋಕ್ಕುವರವಿಗೆ ನಾನು ಅರ್ಜಿ ಕೊಟ್ಟಿದ್ದೆ. ಅದರ ಸ್ಥಳ ಪರಿಶೀಲನೆಗೆ ಅವರು ಸುಡುಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದರು. ಅರ್ಜಿ ಕನ್ನಡದಲ್ಲಿತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟ ಹಕ್ಕು ಅದು, ನಾನು ಬಿಟ್ಟುಕೊಡುವುದಿಲ್ಲ. ಕನ್ನಡ ಬಾರದವರನ್ನು ಇಲ್ಲಿಗೆ ಹಾಕುತ್ತಾರೆಂಬ ಸಿಟ್ಟು ನನಗೆ ಹಳೆಯದು. ಆದರೆ ಇವರು ಅರ್ಜಿಯನ್ನು ಸಹಾಯಕನಿಂದ ಓದಿಸಿ, ಸಾಲು ಸಾಲಿಗೆ ಪೆನ್ಸಿಲಿನಲ್ಲಿ ಮಲಯಾಳದ ಅರ್ಥ ಬರೆದುಕೊಂಡು ಬಂದಿದ್ದರು. ಅದನ್ನು ಕಂಡಾಗಲೇ ನನಗೆ ಗೌರವ ಮೂಡಿತು.

ಜಗಲಿಯ ಬೆಂಚಿನ ಮೇಲೆ ಅಮ್ಮ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಎರಡು ತುಂಡು ಬೆಲ್ಲ ತಂದಿಟ್ಟರು. ಈ ಕಡೆ ಯಾರೇ ಬಂದರೂ ಮೊದಲು ಆಸರಿಗೆ ಬೆಲ್ಲ ನೀರು. ವೈರಿ ಬಂದರೂ ಅದು ತಪ್ಪುವುದಿಲ್ಲ. ಆಕೆ ಚೊಂಬನ್ನೆತ್ತಿ ಗಟಗಟನೆ ಅರ್ಧ ನೀರು ಕುಡಿದರು. ಆಮೇಲೆ ಎರಡು ಬೆರಳಿನಿಂದ ತಟ್ಟೆಯನ್ನು ಮೆಲ್ಲನೆ ಅಮ್ಮನ ಕಡೆಗೆ ಸರಿಸಿ, "ವೆಳ್ಳಂ ಮದಿ, ಅಮ್ಮೇ" ಎಂದರು. ನೀರು ಸಾಕು.

ಆ ಎರಡು ಬೆರಳು ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ. ತಟ್ಟೆ ಬೆಂಚಿನ ಮೇಲೆ ಒಂದು ಗೇಣಿನಷ್ಟು ಸರಿಯಿತು, ಅಷ್ಟೇ. ಅಮ್ಮನ ಮುಖ ಬಾಡಿತು. ಹೊರಡುವಾಗ ಅಮ್ಮ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಹಲಸಿನ ಹಪ್ಪಳದ ಕಟ್ಟನ್ನು ಅವರ ಕೈಗಿಡಲು ಹೋದರು. ಆಕೆ ಎರಡೂ ಕೈ ಮುಗಿದು, ಕಟ್ಟನ್ನು ಅದೇ ಬೆಂಚಿನ ಮೇಲಿಟ್ಟು ಮೆಟ್ಟಿಲಿಳಿದರು.

"ಬೆಲ್ಲದಲ್ಲಿ ಎಂಥ ಲಂಚ? ನಾವು ಅವಳಿಗೆ ವಿಷ ಹಾಕುತ್ತೇವೆಯೇ?" ಎಂದು ಅಮ್ಮ ಅಂದು ರಾತ್ರಿ ಕೇಳಿದರು.

ನನಗೆ ಉತ್ತರ ಗೊತ್ತಿರಬೇಕಿತ್ತು. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ ಹದಿಮೂರನೆಯದು ಉಡುಗೊರೆಯ ಬಗ್ಗೆ. ಇಲಾಖೆಯ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಪುಕ್ಕಟೆ ಪ್ರಯಾಣ, ಊಟ, ವಸತಿ ಎಲ್ಲವೂ ಉಡುಗೊರೆಯೇ. ಆದರೆ ಅಪರೂಪಕ್ಕೊಂದು ಊಟ, ದಾರಿಯಲ್ಲಿ ವಾಹನಕ್ಕೆ ಹತ್ತಿಸಿಕೊಂಡದ್ದು, ಇಂಥ ಸಾಮಾನ್ಯ ಉಪಚಾರ ಉಡುಗೊರೆಯಲ್ಲ ಎಂದು ಅದರ ಕೆಳಗೆ ಟಿಪ್ಪಣಿಯಿದೆ. ಅದರ ಬೆನ್ನಿಗೇ ಇನ್ನೊಂದು: ಕಚೇರಿ ವ್ಯವಹಾರ ಇರುವವರಿಂದ ಅದ್ದೂರಿ ಆತಿಥ್ಯವನ್ನೂ ಪದೇ ಪದೇ ಆತಿಥ್ಯವನ್ನೂ ಪಡೆಯಬಾರದು. ವಿಲೇಜ್ ಆಫೀಸರಿಗೆ ಅನ್ವಯಿಸುವುದು ಕೇರಳದ 1960ರ ನಡತೆ ನಿಯಮಗಳು, ನಿಜ. ಆದರೆ ಎರಡು ತುಂಡು ಬೆಲ್ಲ ತಿಂದರೆ ಯಾರ ಕೆಲಸವೂ ಹೋಗುವುದಿಲ್ಲ. ಆಕೆ ನಿಯಮಕ್ಕಿಂತ ಬಿಗಿಯಾಗಿ ನಡೆದುಕೊಂಡರು. ಏಕೆ ಎಂಬುದೇ ನನ್ನನ್ನು ಕೊರೆಯತೊಡಗಿತು.

ಅಮ್ಮ ಮರುದಿನ ತನ್ನ ತವರಿನ ಕಥೆ ತೆಗೆದರು. ಕಾಸರಗೋಡು ಇನ್ನೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ, 1956ಕ್ಕೆ ಮೊದಲು. ಜಮಾಬಂದಿಗೆ ತಹಶೀಲ್ದಾರರು ಬಂದರೆ ಅಜ್ಜನ ಮನೆಯಲ್ಲಿ ಅವರಿಗೂ ಗುಮಾಸ್ತರಿಗೂ ಜವಾನರಿಗೂ ಊಟ. ಬಾಳೆ ಎಲೆ ತುದಿಯಿಂದ ತುದಿಗೆ, ಎರಡು ಬಗೆ ಪಾಯಸ. ಪಟೇಲರೂ ಶ್ಯಾನುಭೋಗರೂ ಪಂಕ್ತಿಯಲ್ಲಿ ಕುಳಿತಿರುತ್ತಿದ್ದರು.

"ಅರ್ಜಿ ಕೊಡಲು ಬಂದ ಒಕ್ಕಲುಗಳು ಎಲ್ಲಿರುತ್ತಿದ್ದರು?" ಎಂದು ಕೇಳಿದೆ.

"ಅಂಗಳದ ಕೆಳಗೆ, ಹಲಸಿನ ಮರದ ಹತ್ತಿರ ನಿಂತಿರುತ್ತಿದ್ದರು. ಊಟವಾದ ಮೇಲೆ ಸಾಹೇಬರು ವೀಳ್ಯ ಜಗಿಯುತ್ತಾ ಹೊರಗೆ ಬರುತ್ತಿದ್ದರು. ಅಪ್ಪಯ್ಯನೇ ಅವರಿಗೆ ಒಬ್ಬೊಬ್ಬರ ವಿಷಯ ಹೇಳಿಬಿಡುತ್ತಿದ್ದರು."

ಅಮ್ಮ ಇದನ್ನು ತಂದೆಯ ದೊಡ್ಡಸ್ತಿಕೆ ಎಂದೇ ಹೇಳಿದರು. ಒಕ್ಕಲಿನ ಅಹವಾಲನ್ನು ಧಣಿಯ ಬಾಯಿಂದ, ಧಣಿಯ ಅನ್ನ ಉಂಡು, ಧಣಿಯ ಜಗಲಿಯಲ್ಲಿ ನಿಂತು ಕೇಳಿದ ಅಧಿಕಾರಿಯ ಲೇಖನಿ ಯಾವ ಕಡೆಗೆ ವಾಲಿರಬಹುದು ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ದೂರದ ಕಾಲವನ್ನೇಕೆ ಹಳಿಯಲಿ? ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಅಧಿಕಾರಿ ಬಂದಿದ್ದರು, ಬಾಯಿ ತುಂಬಾ ಮಾತಿನ ಮನುಷ್ಯ. ಮೂರು ಸಲ ನಮ್ಮಲ್ಲಿ ಉಂಡರು. ಹಪ್ಪಳ, ಜೇನು, ಹೋಗುವಾಗ ತೆಂಗಿನಕಾಯಿ. ಅಮ್ಮನ ದೃಷ್ಟಿಯಲ್ಲಿ ಇವತ್ತಿಗೂ ಅಂಥ ಒಳ್ಳೆಯವರು ಬೇರೆ ಇಲ್ಲ. ನಮ್ಮ ಕಾಗದ ಒಂದೇ ವಾರದಲ್ಲಿ ಆಯಿತು. ತೋಡಿನ ಆಚೆ ಬದಿಯ ಬೀಡಿ ಕಟ್ಟುವ ಹೆಂಗಸು ತನ್ನ ಹತ್ತು ಸೆಂಟ್ಸ್ ಜಾಗದ ಕಾಗದಕ್ಕಾಗಿ ಎಂಟು ತಿಂಗಳು ಅಲೆದಳು. ನಾವು ಏನನ್ನೂ ಕೇಳಿಕೊಂಡಿರಲಿಲ್ಲ, ಅವರೂ ಬಾಯಿ ಬಿಟ್ಟು ಕೇಳಿರಲಿಲ್ಲ. ಆದರೂ ಅವಳ ಸರದಿಯನ್ನು ನಮ್ಮ ಊಟ ನುಂಗಿತ್ತು. ಬಡಿಸಿದವನು ನಾನು, ಈ ಭಾರ ನನ್ನದೇ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವನೂ ನೇರವಾಗಿ ಅಪರಾಧಿಯೇ. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಪಾರು. ಹಪ್ಪಳದ ಕಟ್ಟು ಆ ಕಾಯ್ದೆಯ ಕೈಗೆ ಸಿಗಲಾರದು. ಆ ಹೆಂಗಸು ನಡೆದ ಎಂಟು ತಿಂಗಳು ಅದರಿಂದ ಕಡಿಮೆಯಾಗುವುದೂ ಇಲ್ಲ.

ಶುಕ್ರವಾರ ತೆರಿಗೆ ರಶೀದಿ ಕೊಡಲು ವಿಲೇಜ್ ಆಫೀಸಿಗೆ ಹೋದೆ. ಗೋಡೆಯ ಮೇಲೆ ವಿಜಿಲೆನ್ಸಿನ 1064 ಸಂಖ್ಯೆಯ ಫಲಕ. ಮೇಜಿನ ಮೇಲೆ ಗೆರೆ ಎಳೆದ ಒಂದು ಪುಸ್ತಕ ತೆರೆದಿತ್ತು. ನೌಕರರು ಬೆಳಿಗ್ಗೆ ಬಂದೊಡನೆ ತಮ್ಮ ಕಿಸೆಯಲ್ಲಿ ಎಷ್ಟು ಹಣವಿದೆ ಎಂದು ಬರೆದಿಡುವ ಪುಸ್ತಕ. ತಪಾಸಣೆಯವರು ಬಂದರೆ ಅದಕ್ಕಿಂತ ಹೆಚ್ಚು ಸಿಕ್ಕಿದ ಹಣಕ್ಕೆ ಲೆಕ್ಕ ಹೇಳಬೇಕು. ಆಕೆಯ ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ 340 ಎಂದಿತ್ತು. ಮನೆಯಿಂದ ನೂರಾರು ಮೈಲು ದೂರ ಬಂದು, ದಿನವೂ ತನ್ನ ಚೀಲದ ನೋಟು ಎಣಿಸಿ ಬರೆಯುವುದೆಂದರೆ ಎಂಥ ಬದುಕು! ಕಳ್ಳರಿಗಾಗಿ ಮಾಡಿದ ಪುಸ್ತಕದಲ್ಲಿ ಇಂಥವರೂ ಬರೆಯಬೇಕು.

ಅಮ್ಮನಿಗೆ ಬೇಸರವಾಗಿದೆ ಎಂದು ನನಗೆ ಬರುವ ಮಲಯಾಳದಲ್ಲಿ ಹೇಳಿದೆ. ಆಕೆಯ ಮುಖವೂ ಸಣ್ಣದಾಯಿತು. ಈ ಊರಿಗೆ ಬಂದ ಹೊಸದರಲ್ಲಿ ಎಲ್ಲರ ಮನೆಯಲ್ಲಿಯೂ ಚಹಾ ಕುಡಿಯುತ್ತಿದ್ದರಂತೆ. ಒಂದು ದಿನ ಕಾಲನಿಯ ಮನೆಯೊಂದರಲ್ಲಿ ಜಾಗ ಅಳೆಯುತ್ತಿದ್ದಾಗ ಹಿತ್ತಿಲ ಕಡೆಯಿಂದ ಸಣ್ಣ ಹುಡುಗನೊಬ್ಬ ಬರಿಗಾಲಲ್ಲಿ ಗುಡ್ಡವಿಳಿದು ಓಡಿದ. ಅರ್ಧ ಗಂಟೆಯ ಮೇಲೆ ಏದುಸಿರು ಬಿಡುತ್ತಾ ಬಂದ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವೂ ತಂಪು ಪಾನೀಯದ ಬಾಟಲಿಯೂ. "ಅಂಗಡಿಯವನು ಬರೆದುಕೊಂಡಿದ್ದಾನೆ" ಎಂದು ಅವನು ತಾಯಿಯ ಕಿವಿಯಲ್ಲಿ ಹೇಳಿದ್ದು ಆಕೆಗೆ ಕೇಳಿಸಿತು. ಸಾಲದ ಬಿಸ್ಕತ್ತು. ಮೇಲಿನ ಮನೆಯವರು ಮಾಡಿಸಿದ ಊಟವನ್ನು ಈ ಆಫೀಸರ್ ಉಂಡಿದ್ದಾರೆ, ನಾವು ಇಷ್ಟಾದರೂ ಕೊಡದಿದ್ದರೆ ಹೇಗೆ ಎಂದು ಆ ತಾಯಿ ಎಣಿಸಿದ್ದಳು.

"ಅಂದಿನಿಂದ ಎಲ್ಲ ಮನೆಯಲ್ಲಿಯೂ ನೀರು ಮಾತ್ರ. ನೀರು ಎಲ್ಲರ ಮನೆಯಲ್ಲೂ ಇದೆಯಲ್ಲ" ಎಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ತೋಡಿನಾಚೆಯ ಹೆಂಗಸಿನ ಸುದ್ದಿಯನ್ನು ತಾವಾಗಿಯೇ ತೆಗೆದು, ಅವಳ ಕಾಗದ ಕೊನೆಗೂ ಆಯಿತೇ ಎಂದು ಕೇಳಿದರು. ಆಯಿತು ಎಂದೆ.

"ಆ ಹುಡುಗಿಗೆ ಇಲ್ಲಿಂದ ವರ್ಗವಾದರೆ ನನಗೆ ಹೇಳು. ಇಲ್ಲಿಯ ಅಧಿಕಾರ ಬಿಟ್ಟುಕೊಟ್ಟ ಮೇಲೆ ಅವಳು ಯಾರದೋ ಮನೆಯ ಮಗಳು ತಾನೇ? ಆಗ ಒಂದು ಹೊತ್ತು ಉಂಡುಹೋಗಲಿ."

ಇಷ್ಟು ಹೇಳಿ, ಬೆಂಚಿನ ಮೇಲೆ ಮಂಗಳವಾರದಿಂದ ಹಾಗೆಯೇ ಇದ್ದ ಹಪ್ಪಳದ ಕಟ್ಟನ್ನು ತೆಗೆದುಕೊಂಡು ಹೋಗಿ, ಒಲೆಯ ಮೇಲಿನ ಅಟ್ಟದ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು.