ರಾತ್ರಿ ಹೊತ್ತು ಹೊಟ್ಟೆನೋವು ಬಂದರೆ

ಉತ್ತರ ಕನ್ನಡದಲ್ಲಿ ಯಾರಿಗಾದರೂ ಸೀರಿಯಸ್ ಆಯಿತು ಅಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಎಲ್ಲಿಗೆ ಒಯ್ಯೋಣ? ಕುಮಟಾ, ಹೊನ್ನಾವರದವರು ಮಣಿಪಾಲ ಇಲ್ಲವೇ ಮಂಗಳೂರು. ಶಿರಸಿಯವರು ಹುಬ್ಬಳ್ಳಿ. ಕಾರವಾರದವರು ಗೋವಾದ ಬಾಂಬೋಳಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಓಡುತ್ತಾರೆ, ಅಲ್ಲೂ 2018ರಿಂದ ಹೊರರಾಜ್ಯದವರು ದುಡ್ಡು ಕಟ್ಟಬೇಕು.

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನಿಗೆ ರಾತ್ರಿ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಚಿಕ್ಕಮ್ಮ ಸೋಡಾ ಕುಡಿಸಿದರು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಲಗೆ ಹಾಗೆ ಗಟ್ಟಿ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆದರೆ ಲಿವರ್ ಮೇಲುಗಡೆ ಕುಡುಗೋಲಿನ ಆಕಾರದಲ್ಲಿ ಕಪ್ಪಗೆ ಗಾಳಿ. ಅಲ್ಸರ್ ಒಡೆದು ತೂತಾಗಿದೆ, ಈಗಲೇ ಹೊಟ್ಟೆ ತೆರೆದು ಮುಚ್ಚಬೇಕು ಅಂದರು. ಸರ್ಜನ್ ಇದ್ದರು, ಓಟಿ ಇತ್ತು, ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ರಾತ್ರಿ ಇರುವುದಿಲ್ಲವಂತೆ! ಚೀಟಿ ಬರೆದು ಕಳಿಸಿದರು. ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು, ಆಪರೇಷನ್ ಆಯಿತು, ಈಗ ಆರಾಮಿದ್ದಾರೆ.

2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿಗೆ ಗುದ್ದಿ ನಾಲ್ಕು ಜನ ಸತ್ತ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಮತ್ತೆ ಜೋರಾಯಿತು. ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಕ್ಕಪ್ಪನಿಗೆ ಆಗಿದ್ದು ಸೂಪರ್ ಸ್ಪೆಷಾಲಿಟಿ ಆಪರೇಷನ್ ಅಲ್ಲವಲ್ಲ. ಹೊಟ್ಟೆ ತೆರೆಯುವುದು, ಸಿಸೇರಿಯನ್, ಮೂಳೆ ಮುರಿದು ಹೊರಬಂದದ್ದಕ್ಕೆ ಚಿಕಿತ್ಸೆ, ಈ ಮೂರೂ ಎರಡು ಗಂಟೆಯ ದಾರಿಯೊಳಗೆ ಸಿಗಬೇಕು ಅಂತ 2015ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿದೆ. ದೊಡ್ಡ ಕಟ್ಟಡ ಏಳುವಾಗ ಏಳಲಿ, ಅಲ್ಲಿಯವರೆಗೆ ತಾಲೂಕು ಆಸ್ಪತ್ರೆಗೆ ರಾತ್ರಿ ಪಾಳಿಯ ಅರಿವಳಿಕೆ ಡಾಕ್ಟರು, ಫ್ರಿಜ್ಜಿನಲ್ಲಿ ನಾಲ್ಕು ಬಾಟಲಿ ರಕ್ತ ಕೊಡಲು ಏನು ಕಷ್ಟ?

ದುಡ್ಡಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರಕಾರಿ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) ಶೇ. 30ರಷ್ಟು, 1.5 ಲಕ್ಷದವರೆಗೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು ಅನ್ನುತ್ತಾರೆ, ಆದರೆ ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗೆ ಅದು ಬೇಡ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ದಾರಿಯಲ್ಲಿ ನೀರು, ಚಹಾ ಏನೂ ಕುಡಿಸಬೇಡಿ. ಮತ್ತೆ, ಹೊರಡುವ ಮೊದಲೇ ಫೋನ್ ಮಾಡಿ ಬೆಡ್ ಇದೆಯಾ, ಸರ್ಜನ್ ಇದ್ದಾರಾ ಕೇಳಿಬಿಡಿ. ಯಾರಿಗೆ ಮಾಡುವುದು ಅಂತ ತಿಳಿಯದಿದ್ದರೆ ಆಂಬುಲೆನ್ಸ್ ಡ್ರೈವರನ್ನೇ ಕೇಳಿ, ಯಾವ ಆಸ್ಪತ್ರೆಯಲ್ಲಿ ರಾತ್ರಿ ಯಾರು ಸಿಗುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ.